2 ಟಿಬಿ ಎಂದು ತೋರಿಸಿದ ಡ್ರೈವ್‌ನಲ್ಲಿ ಇದ್ದದ್ದು 64 ಜಿಬಿ. ಹಳೆಯದನ್ನು ಡಿಲೀಟ್ ಮಾಡುವ ಮೊದಲು ಇದನ್ನು ಓದಿ

ಪುತ್ತೂರಿನ ಹತ್ತಿರ ನಮ್ಮ ಮನೆಯಲ್ಲಿ ಅಪ್ಪ 142 ಕ್ಯಾಸೆಟ್ ಜೋಪಾನವಾಗಿ ಇಟ್ಟಿದ್ದರು. ಎಲ್ಲ ತಾಳಮದ್ದಳೆಯವು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದವು. 1980ರ ದಶಕದಿಂದ ಊರ ದೇವಸ್ಥಾನದಲ್ಲಿ, ನೆಂಟರ ಮನೆಯ ಚಾವಡಿಯಲ್ಲಿ ಕೂತು ಅವರೇ ರೆಕಾರ್ಡ್ ಮಾಡಿದ್ದು. ಕೆಲವದರಲ್ಲಿ ನಮ್ಮ ಅಜ್ಜ ಅರ್ಥ (ಪಾತ್ರದ ಮಾತು) ಹೇಳಿದ್ದಾರೆ. ಅಜ್ಜನ ದನಿ ಬೇರೆಲ್ಲೂ ಇಲ್ಲ. ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ, ಟೇಪಿಗೆ ಬೂಸ್ಟು ಹಿಡಿಯುತ್ತದೆ, ಇನ್ನೆರಡು ವರ್ಷ ಬಿಟ್ಟರೆ ಏನೂ ಉಳಿಯುವುದಿಲ್ಲ ಎಂದು ಕಳೆದ ವರ್ಷ ನಾನೂ ಅಪ್ಪನೂ ಸೇರಿ ಒಂದೊಂದಾಗಿ ಲ್ಯಾಪ್‌ಟಾಪ್‌ಗೆ ಇಳಿಸಿದೆವು. ಎಂಟು ತಿಂಗಳ ಕೆಲಸ. 90 ನಿಮಿಷದ ಒಂದು ಕ್ಯಾಸೆಟ್ ವೇವ್ ಫೈಲ್ ಆದಾಗ ಸುಮಾರು 950 ಎಂಬಿ. ಒಟ್ಟು 135 ಜಿಬಿ ಹತ್ತಿರ ಬಂತು.

ನನ್ನ ಲ್ಯಾಪ್‌ಟಾಪ್‌ನದು 256 ಜಿಬಿ. ಜಾಗ ಮುಗಿದು ಕೆಂಪು ಗೆರೆ ಬಂದಿತ್ತು. ಆಗ ಆನ್‌ಲೈನ್‌ನಲ್ಲಿ 2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ (ತಿರುಗುವ ಡಿಸ್ಕ್ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಒಂದು 1,899 ರೂಪಾಯಿಗೆ ಕಂಡಿತು. ಕಂಪನಿಯ ಹೆಸರು ಕೇಳಿದ್ದಲ್ಲ, ಆದರೆ ಸ್ಟಾರ್ ಜಾಸ್ತಿ ಇದ್ದವು. ಬಂದ ಮೇಲೆ ಕೈಯಲ್ಲಿ ಹಿಡಿದರೆ ಒಳ್ಳೆ ತೂಕ, ಲೋಹದ ಕವಚ. ಕಂಪ್ಯೂಟರ್‌ಗೆ ಹಾಕಿದರೆ ವಿಂಡೋಸ್ ಕೂಡ 2 ಟಿಬಿ ಎಂದೇ ತೋರಿಸಿತು. ರಾತ್ರಿ ಕಾಪಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎಲ್ಲ ಮುಗಿದಿತ್ತು, ಒಂದೇ ಒಂದು ಎರರ್ ಇಲ್ಲ. ಮೊದಲ ಮೂರು ಫೈಲ್ ತೆರೆದು ಕೇಳಿದೆ, ಚೆಂಡೆ, ಮದ್ದಳೆ ಎಲ್ಲ ಸರಿಯಾಗಿತ್ತು. "ಎಲ್ಲ ಕೂತಿತಾ ಅದರಲ್ಲಿ?" ಎಂದು ಅಪ್ಪ ಫೋನ್ ಮಾಡಿ ಕೇಳಿದರು. ಕೂತಿತು ಅಪ್ಪ ಎಂದೆ. ಮಾರನೇ ದಿನ ಲ್ಯಾಪ್‌ಟಾಪ್‌ನಿಂದ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ.

ಮೂರು ವಾರ ಕಳೆದ ಮೇಲೆ ದೊಡ್ಡಪ್ಪ ಅಜ್ಜನ ಒಂದು ರೆಕಾರ್ಡಿಂಗ್ ಕೇಳಿದರು. 118ನೇ ಕ್ಯಾಸೆಟ್. ಫೈಲ್ ಇದೆ, ಹೆಸರು ಇದೆ, 950 ಎಂಬಿ ಎಂದೂ ತೋರಿಸುತ್ತದೆ, ಆದರೆ ತೆರೆಯುವುದಿಲ್ಲ. 117 ಇಲ್ಲ, 119 ಇಲ್ಲ. ಹಿಂದೆ ಹಿಂದೆ ಹೋಗುತ್ತಾ ಹೋದರೆ 65ರ ತನಕ ಮಾತ್ರ ದನಿ ಬಂತು. ಉಳಿದ 77 ಬರೀ ಸೊನ್ನೆ.

ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ಸಣ್ಣ ಬೋರ್ಡು, ಅದಕ್ಕೆ ಸಿಕ್ಕಿಸಿದ 64 ಜಿಬಿಯ ಒಂದು ಮೈಕ್ರೋ ಎಸ್‌ಡಿ ಕಾರ್ಡ್, ಮೇಲೆ ಅಂಟು. ಪಕ್ಕದಲ್ಲಿ ತೂಕ ಬರಲಿ ಎಂದು ಇಟ್ಟ ಕಬ್ಬಿಣದ ತುಂಡು. ಎಸ್‌ಎಸ್‌ಡಿ ಎಂಬುದು ಅದರೊಳಗೆ ಇರಲೇ ಇಲ್ಲ.

ಈ ಮೋಸ ಹೇಗೆ ನಡೆಯುತ್ತದೆ ಎಂದು ಆಮೇಲೆ ಕೂತು ತಿಳಿದುಕೊಂಡೆ. ನಿನ್ನಲ್ಲಿ ಎಷ್ಟು ಜಾಗ ಇದೆ ಎಂದು ಕಂಪ್ಯೂಟರ್ ಕೇಳಿದಾಗ ಉತ್ತರ ಕೊಡುವುದು ಡ್ರೈವ್‌ನ ಒಳಗಿನ ಕಂಟ್ರೋಲರ್ ಚಿಪ್. ಅದರ ಫರ್ಮ್‌ವೇರ್ (ಚಿಪ್‌ನೊಳಗೇ ಇರುವ ಸಾಫ್ಟ್‌ವೇರ್) ತಿದ್ದಿ 2 ಟಿಬಿ ಎನ್ನುವಂತೆ ಮಾಡಿದರೆ ವಿಂಡೋಸ್ ಅದನ್ನೇ ನಂಬುತ್ತದೆ. ನಿಜವಾದ ಜಾಗ ತುಂಬಿದ ಮೇಲೆ ಬರುವ ಡೇಟಾವನ್ನು ಆ ಚಿಪ್ ತೆಗೆದುಕೊಂಡ ಹಾಗೆ ಮಾಡಿ ಬಿಟ್ಟುಬಿಡುತ್ತದೆ. ಕೆಲವು ಡ್ರೈವ್‌ಗಳು ಮತ್ತೆ ಮೊದಲಿನಿಂದ ಹಳೆಯದರ ಮೇಲೆಯೇ ಬರೆಯುತ್ತವೆ. ಫೈಲ್‌ಗಳ ಪಟ್ಟಿ ಇರುವುದು ಡ್ರೈವ್‌ನ ಆರಂಭದಲ್ಲಿ, ಅಂದರೆ ನಿಜವಾದ ಜಾಗದಲ್ಲಿ. ಅದಕ್ಕೇ ಹೆಸರು, ಸೈಜು ಎಲ್ಲ ಸರಿಯಾಗಿ ಕಾಣುತ್ತದೆ.

ರಿಕವರಿ ಮಾಡುವವರ ಹತ್ತಿರ ಹೋದೆ. ಡ್ರೈವ್‌ಗೆ ಬರೆದೇ ಇಲ್ಲದ್ದನ್ನು ಎಲ್ಲಿಂದ ತೆಗೆಯುವುದು ಎಂದರು. ಲ್ಯಾಪ್‌ಟಾಪ್‌ನಿಂದಾದರೂ ತೆಗೆಯಬಹುದಾ ಎಂದು ಕೇಳಿದೆ. ಅದರಲ್ಲಿರುವುದು ಅಸಲಿ ಎಸ್‌ಎಸ್‌ಡಿ. ಡಿಲೀಟ್ ಮಾಡಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನೇ ಖಾಲಿ ಮಾಡಿಸುತ್ತದೆ, ಹಳೆ ಹಾರ್ಡ್‌ಡಿಸ್ಕ್‌ನಲ್ಲಿ ಹುಡುಕಿದ ಹಾಗೆ ಹುಡುಕಲು ಆಗುವುದಿಲ್ಲ. ಮಾರಿದವರು ರಿಟರ್ನ್ ಅವಧಿ ಮುಗಿದಿದೆ ಎಂದರು. ದುಡ್ಡು ಹೋದದ್ದು ನನಗೆ ಅಷ್ಟು ದೊಡ್ಡದಲ್ಲ. ಇಳಿಸುವಾಗಲೇ ಕೆಲವು ಟೇಪು ಒಂದೇ ಸಲ ಓಡಿ ತುಂಡಾಗಿದ್ದವು. ಹೇಗೂ ಇಳಿಸಿ ಆಯಿತಲ್ಲ ಎಂದು ಅವನ್ನು ಎಸೆದಿದ್ದೆವು.

ನೀವು ಹೊಸದು ತಂದರೆ ಸುಮ್ನೆ ಮೊದಲ ಫೈಲ್ ತೆರೆದು ನೋಡಿ ಬಿಡಬೇಡಿ. ಇಡೀ ಡ್ರೈವ್ ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಲಿನಕ್ಸ್‌ಗೆ, ಮ್ಯಾಕ್‌ಗೆ ಎಫ್3. ಇವು ಡ್ರೈವ್ ತುಂಬುವಷ್ಟು ಬರೆದು, ಅದನ್ನೇ ಮತ್ತೆ ಓದಿ, ಬರೆದದ್ದೇ ಇದೆಯಾ ಎಂದು ನೋಡುತ್ತವೆ. ಖಾಲಿ ಡ್ರೈವ್‌ನಲ್ಲೇ ಮಾಡಿ. ಸಮಯ ಹಿಡಿಯುತ್ತದೆ: ಸೆಕೆಂಡಿಗೆ 20 ಎಂಬಿ ಬರೆಯುವ ಡ್ರೈವ್ 2 ಟಿಬಿ ತುಂಬಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಎಸ್‌ಎಸ್‌ಡಿ ಎಂದು ಮಾರಿದ್ದು ಯುಎಸ್‌ಬಿ 3 ಪೋರ್ಟಿನಲ್ಲೂ ಶುರುವಿನಿಂದಲೇ ಅಷ್ಟು ನಿಧಾನ ಎಂದರೆ ಅಲ್ಲೇ ಅನುಮಾನ ಪಡಿ. ನಾನು ಕೇಬಲ್ ಸರಿಯಿಲ್ಲ ಎಂದುಕೊಂಡಿದ್ದೆ. ರಿಟರ್ನ್ ಅವಧಿಯೊಳಗೇ ಇದೆಲ್ಲ ಮುಗಿಸಿ.

ಕಾಪಿ ಮಾಡಿದ ಮೇಲೆ ಡ್ರೈವ್ ಎಜೆಕ್ಟ್ ಮಾಡಿ, ತೆಗೆದು, ಮತ್ತೆ ಹಾಕಿ ನೋಡಿ. ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಉಳಿದಿರುವ ಫೈಲನ್ನೇ ತೋರಿಸಿಬಿಡಬಹುದು. ಮೊದಲಿನದು, ನಡುವಿನದು, ಕೊನೆಯದು ಮೂರನ್ನೂ ತೆರೆಯಿರಿ.

ಒಂದು ವಿಷಯಕ್ಕೆ ಹೆದರಬೇಡಿ. ಅಸಲಿ 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅದು ಮೋಸ ಅಲ್ಲ. 2 ಟಿಬಿ ಪೆನ್‌ಡ್ರೈವ್ ಜಗತ್ತಿನಲ್ಲೇ ಇಲ್ಲ ಎಂದೂ ಅಲ್ಲ, ಕಿಂಗ್‌ಸ್ಟನ್ 2017ರಲ್ಲೇ ಒಂದನ್ನು ತಂದಿತ್ತು. ಆದರೆ ಸಾವಿರ, ಎರಡು ಸಾವಿರಕ್ಕೆ ಅಷ್ಟು ಜಾಗದ ಫ್ಲ್ಯಾಶ್ ಚಿಪ್ ಯಾರೂ ಕೊಡಲಾರರು. 999ಕ್ಕೆ 16 ಟಿಬಿ ಎಂದು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಈಗ ನಾನು ತಂದಿರುವುದು ಹೆಸರಿರುವ ಕಂಪನಿಯ 1 ಟಿಬಿ. ಬಿಲ್ ಇದೆ, ವಾರಂಟಿ ಇದೆ, ಸೀರಿಯಲ್ ನಂಬರ್ ಕಂಪನಿಯ ಸೈಟಿನಲ್ಲೇ ಹಾಕಿ ನೋಡಿದ್ದೇನೆ. ಇನ್ನೊಂದು ಪ್ರತಿ ಸಾಧಾರಣ ಹಾರ್ಡ್‌ಡಿಸ್ಕ್‌ನಲ್ಲಿ ತಮ್ಮನ ಮನೆಯಲ್ಲಿದೆ. ಎಸ್‌ಎಸ್‌ಡಿ, ಪೆನ್‌ಡ್ರೈವ್ ಒಂದನ್ನೇ ನಂಬಿ ವರ್ಷಗಟ್ಟಲೆ ಕಪಾಟಿನಲ್ಲಿ ಇಡಬೇಡಿ. ಕರೆಂಟ್ ಇಲ್ಲದೆ ತುಂಬಾ ಕಾಲ ಇದ್ದರೆ ಅವುಗಳ ಚಿಪ್‌ನಲ್ಲಿರುವ ಚಾರ್ಜ್ ಸೋರುತ್ತಾ ಹೋಗುತ್ತದೆ.

ಅಪ್ಪ ಬೈಯಲಿಲ್ಲ. ಮತ್ತೆ ಟೇಪ್ ರೆಕಾರ್ಡರ್ ಇಳಿಸಿ ಒರೆಸಿಕೊಂಡು ಕೂತಿದ್ದಾರೆ. 77ರಲ್ಲಿ ಇವತ್ತಿಗೆ 31 ಆಗಿವೆ. 118 ತುಂಡಾಗಿರಲಿಲ್ಲ, ಹೋದ ಭಾನುವಾರ ಅದನ್ನೇ ಹಾಕಿದೆವು. ಎರಡನೇ ಬದಿಯಲ್ಲಿ ಹತ್ತು ನಿಮಿಷ ದನಿ ಹೋಗಿದೆ, ಉಳಿದದ್ದು ಬಂದಿದೆ.