ಏರ್ ರೈಫಲ್‌ನ ಮರದ ಹಿಡಿ ಸೀಳಿದರೆ: ಬಿಳಿ ಅಂಟೋ, ಎಪಾಕ್ಸಿಯೋ?

ಮೊದಲೇ ಹೇಳಿಬಿಡುತ್ತೇನೆ: ಇದು ಗುರಿ ಅಭ್ಯಾಸದ 4.5 ಮಿ.ಮೀ. ಏರ್ ರೈಫಲ್‌ನ ಮಾತು. ಮಂಡ್ಯದ ಕಬ್ಬಿನ ಗದ್ದೆ ಕಾಯಲು ಪರವಾನಗಿ ಪಡೆದು ಇಟ್ಟ ಕೋವಿಗೆ ಇದು ಅನ್ವಯಿಸದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಅದರ ದುರಸ್ತಿಯೂ ಸೇರುತ್ತದೆ. ಪರವಾನಗಿ ಇರುವ ಬಂದೂಕು ಅಂಗಡಿಗೇ ಒಯ್ಯಿರಿ.

ಕೈಜಾರಿ ಬಿದ್ದ ರೈಫಲ್ ಸಾಮಾನ್ಯವಾಗಿ ಸೀಳುವುದು ಮುಷ್ಟಿಯಲ್ಲಿ ಹಿಡಿಯುವ ತೆಳು ಭಾಗದಲ್ಲಿ. ಒತ್ತಿ ಹಿಡಿದಾಗ ಸೀಳು ಗೆರೆಯಾಗಿ ಮುಚ್ಚಿಕೊಂಡರೆ ಬಡಗಿಗಳು ಬಳಸುವ ಫೆವಿಕಾಲ್ ಸಾಕು. ಅಗ್ಗ, ಹೊರಚೆಲ್ಲಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಆದರೆ ಸಂದು ತುಂಬುವುದು ಅದರಿಂದಾಗದು.

ಚೂರು ಉದುರಿ ಸಂದು ಬಿದ್ದಿದ್ದರೆ ಎಪಾಕ್ಸಿಯೇ (ಎರಡು ಟ್ಯೂಬಿನಲ್ಲಿ ಬರುವ, ಬೆರೆಸಿದಾಗ ಗಟ್ಟಿಯಾಗುವ ಅಂಟು) ಸರಿ. ಎರಡು ಟ್ಯೂಬಿನದನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು, ಕಣ್ಣಂದಾಜು ನಡೆಯದು. ಐದು ನಿಮಿಷದಲ್ಲಿ ಗಟ್ಟಿಯಾಗುವುದಕ್ಕಿಂತ ನಿಧಾನದ್ದು ವಾಸಿ, ಸೀಳಿನ ಆಳಕ್ಕೆ ಇಳಿಯಲು ಅದಕ್ಕೆ ಬಿಡುವು ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.

ಎಣ್ಣೆ ಹೀರಿದ ಮರಕ್ಕೆ ಎರಡೂ ಅಂಟುವುದಿಲ್ಲ. ಲೋಹದ ಭಾಗವನ್ನು ಬೇರ್ಪಡಿಸಿ, ಸೀಳಿದ ಮರವನ್ನು ಎಣ್ಣೆ ಕರಗಿಸುವ ದ್ರಾವಕವಾದ ಅಸಿಟೋನ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಅಂಟು ಹಚ್ಚಿ, ಹಳೆಯ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ ಒಂದು ದಿನ ಬಿಟ್ಟುಬಿಡಿ.

ಹಿಡಿ ಎರಡು ತುಂಡಾಗಿದ್ದರೆ ಹೊಸದನ್ನೇ ಹಾಕಿಸಿ. ಮೈಸೂರಿನಲ್ಲಿ ಬೀಟೆ ಮರದಲ್ಲಿ ನಾಜೂಕು ಕೆಲಸ ಮಾಡುವ ಕುಶಲಕರ್ಮಿಗಳಿಗೇನೂ ಬರವಿಲ್ಲ, ಆದರೆ ಅಭ್ಯಾಸದ ರೈಫಲ್‌ಗೆ ಅಷ್ಟು ಶೋಕಿ ಬೇಡ. ತಯಾರಕರ ಬಿಡಿಭಾಗವೇ ಅಳತೆಗೆ ಸರಿಯಾಗಿ ಕೂರುತ್ತದೆ.