ಡ್ರೈ ಫುಡ್ಡಾ, ವೆಟ್ ಫುಡ್ಡಾ? ಬಾಗಲಕೋಟೆ ಬಿಸಿಲಲ್ಲಿ ಎರಡನ್ನೂ ಹಾಕಿ ನೋಡಿದ್ದು

ನಮ್ಮ ಮನೆಯಲ್ಲಿರುವುದು ಮುಧೋಳ ನಾಯಿ. ಹೆಸರು ಭೀಮ, ತೂಕ 25 ಕಿಲೋ. ಬೆಳಗಾವಿಯ ಟಿಳಕವಾಡಿಯಲ್ಲಿ ಅಕ್ಕನ ಮನೆಯಲ್ಲಿ ಚಿನ್ನು ಅಂತ ವಯಸ್ಸಾದ ಸ್ಪಿಟ್ಜ್ ಇದೆ, 6 ಕಿಲೋ. ಎರಡಕ್ಕೂ ಅಂಗಡಿಯ ಡ್ರೈ ಫುಡ್ (ಚೀಲದಲ್ಲಿ ಬರುವ ಒಣ ಕಾಳಿನಂಥ ಊಟ), ವೆಟ್ ಫುಡ್ (ಪೌಚು, ಡಬ್ಬಿಯಲ್ಲಿ ಬರುವ ಗ್ರೇವಿಯ ಮೆತ್ತನೆ ಊಟ) ಎರಡನ್ನೂ ತಿಂಗಳುಗಟ್ಟಲೆ ಹಾಕಿ ನೋಡಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ದೊಡ್ಡ ನಾಯಿಗೆ ದಿನದ ಊಟ ಡ್ರೈ ಫುಡ್ ಆಗಿರಲಿ, ಆದರೆ ಅದಕ್ಕೆ ನೀರು ಕೂಡಿಸಿ ಹಾಕಬೇಕು. ವೆಟ್ ಫುಡ್ಡನ್ನು ಹಲ್ಲು ಬಿದ್ದ ನಾಯಿಗೆ, ಕಾಯಿಲೆ ಬಿದ್ದ ನಾಯಿಗೆ, ಸುಡು ಬೇಸಿಗೆಗೆ ಇಟ್ಟುಕೊಳ್ಳಬೇಕು. ಯಾಕೆ ಅಂತ ಹೇಳುತ್ತೇನೆ.

ಎರಡರ ನಡುವಿನ ದೊಡ್ಡ ವ್ಯತ್ಯಾಸ ನೀರು. ಡ್ರೈ ಫುಡ್ಡಿನಲ್ಲಿ ನೀರಿನ ಅಂಶ ನೂರಕ್ಕೆ ಸುಮಾರು 10. ಗ್ರೇವಿ ಪೌಚ್ ಅಥವಾ ಡಬ್ಬಿಯಲ್ಲಿ 75ರಿಂದ 80, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಇದು ತಲೆಯಲ್ಲಿ ಇಲ್ಲದೆ ಲೇಬಲ್ ಓದಿದರೆ ಲೆಕ್ಕ ತಪ್ಪುತ್ತದೆ. ಡ್ರೈ ಚೀಲದ ಮೇಲೆ ಪ್ರೋಟೀನ್ 22% ಅಂತ ಇರುತ್ತದೆ, ಪೌಚಿನ ಮೇಲೆ 8%. ನೋಡಿದವರಿಗೆ ಡ್ರೈ ಫುಡ್ಡೇ ಗಟ್ಟಿ ಅನ್ನಿಸುತ್ತದೆ. ನೀರು ತೆಗೆದು ನೋಡಿ. 80% ನೀರಿರುವ ಪೌಚಿನಲ್ಲಿ ಉಳಿಯುವುದು 20 ಭಾಗ, ಅದರಲ್ಲಿ 8 ಭಾಗ ಪ್ರೋಟೀನ್, ಅಂದರೆ 40%. ಡ್ರೈ ಫುಡ್ಡಿನಲ್ಲಿ ಉಳಿಯುವುದು 90 ಭಾಗ, ಅದರಲ್ಲಿ 22, ಅಂದರೆ 24% ಚಿಲ್ಲರೆ. ಕೊಬ್ಬಿನ ಅಂಶವೂ ಹೀಗೇ ತಿರುಗುಮುರುಗು ಆಗುತ್ತದೆ. ಅದಕ್ಕೇ ಗ್ರೇವಿ ಅಂದರೆ ಬರೀ ನೀರು ಅಂತ ಅಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಆ ನೀರಿನ ಜೊತೆ ಇರುವುದು ಒಳ್ಳೆಯ ಸರಕೇ.

ಆದರೆ ಆ ನೀರಿಗೂ ನಾವು ದುಡ್ಡು ಕೊಡುತ್ತೇವೆ. ಎಷ್ಟು ಅಂತ ಭೀಮನ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸಾಧಾರಣವಾಗಿ ಓಡಾಡುವ 25 ಕಿಲೋ ನಾಯಿಗೆ ದಿನಕ್ಕೆ ಸುಮಾರು 1,200 ಕಿಲೋಕ್ಯಾಲರಿ ಬೇಕು. ಡ್ರೈ ಫುಡ್ 100 ಗ್ರಾಂಗೆ 350ರಷ್ಟು ಕೊಡುತ್ತದೆ. ಅಂದರೆ ದಿನಕ್ಕೆ 340 ಗ್ರಾಂ ಸಾಕು. ನಾನು ತರುವ ಸಾಧಾರಣ ಚೀಲ ಕಿಲೋಗೆ 250 ರೂಪಾಯಿ ಆಸುಪಾಸು ಬೀಳುತ್ತದೆ, ದಿನಕ್ಕೆ 85 ರೂಪಾಯಿ ಆಯಿತು. ಗ್ರೇವಿಯಲ್ಲಿ 100 ಗ್ರಾಂಗೆ 90 ಕಿಲೋಕ್ಯಾಲರಿ ಹಿಡಿದರೆ ಬೇಕಾಗುವುದು 1,300 ಗ್ರಾಂಗಿಂತ ಜಾಸ್ತಿ. 70 ಗ್ರಾಂ ಪೌಚ್ ಆದರೆ 19 ಪೌಚು! ಒಂದಕ್ಕೆ 40 ರೂಪಾಯಿ ಅಂದರೂ ದಿನಕ್ಕೆ 760 ರೂಪಾಯಿ. ದೊಡ್ಡ ಡಬ್ಬಿ ತಂದರೆ ಸ್ವಲ್ಪ ಇಳಿಯುತ್ತದೆ, ಆದರೂ ಡ್ರೈ ಫುಡ್ಡಿನ ಹತ್ತಿರಕ್ಕೂ ಬರುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಮುಧೋಳ ನಾಯಿಯನ್ನು ಬರೀ ಪೌಚಿನ ಮೇಲೆ ಸಾಕಲು ನನ್ನಂಥವರಿಗೆ ಆಗುವುದಿಲ್ಲ.

ಚಿನ್ನುವಿನ ಲೆಕ್ಕ ಬೇರೆ. ಅದಕ್ಕೆ ದಿನಕ್ಕೆ 350ರಿಂದ 400 ಕಿಲೋಕ್ಯಾಲರಿ ಸಾಕು. ಅಕ್ಕ 50 ಗ್ರಾಂ ಡ್ರೈ ಫುಡ್ಡನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಅದಕ್ಕೆ ಮೂರು ಪೌಚನ್ನು ಎರಡು ಹೊತ್ತಿಗೆ ಹಂಚಿ ಕಲಸಿ ಕೊಡುತ್ತಾಳೆ. ಚಿನ್ನುವಿಗೆ ಹಿಂದಿನ ಹಲ್ಲು ಹೆಚ್ಚುಕಡಿಮೆ ಹೋಗಿವೆ. ಬರೀ ಕಾಳು ಹಾಕಿದರೆ ಬಟ್ಟಲ ಮುಂದೆ ಕೂತು ಅಕ್ಕನ ಮುಖ ನೋಡುತ್ತಿತ್ತು, ಇಲ್ಲ ಅಂದರೆ ಇಡಿಯಾಗಿ ನುಂಗಿ ಆಮೇಲೆ ಕಕ್ಕುತ್ತಿತ್ತು. ವೆಟ್ ಫುಡ್ ಕಲಸಿದ ಮೇಲೆ ಬಟ್ಟಲು ನೆಕ್ಕಿ ಬಿಡುತ್ತದೆ. ಬೆನ್ನ ಮೇಲೆ ಮತ್ತೆ ಮಾಂಸ ಹಿಡಿದಿದೆ. ಇಂಥ ನಾಯಿಗೆ ದುಡ್ಡಿನ ಮಾತು ಆಮೇಲೆ.

ಡ್ರೈ ಫುಡ್ ಕಡಿದರೆ ಹಲ್ಲು ಸ್ವಚ್ಛ ಆಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಸಾಮಾನ್ಯ ಕಾಳು ಹಲ್ಲು ತಾಗಿದ ಕೂಡಲೇ ಪುಡಿಯಾಗುತ್ತದೆ, ವಸಡಿನ ಬುಡ ಉಜ್ಜುವುದೇ ಇಲ್ಲ. ಹಲ್ಲಿಗೆ ಅಂತಲೇ ಮಾಡಿದ ದೊಡ್ಡ ಕಾಳಿನ ಆಹಾರ ಬೇರೆ ಸಿಗುತ್ತದೆ, ಅದರ ಮಾತು ಬೇರೆ. ಉಳಿದಂತೆ ನಾಯಿಯ ಪೇಸ್ಟು ಬ್ರಷ್ಷು ಹಿಡಿದು ನಾವೇ ಉಜ್ಜಬೇಕು. ಮನುಷ್ಯರ ಪೇಸ್ಟ್ ಬೇಡ.

ಈಗ ಬಿಸಿಲಿನ ಮಾತಿಗೆ ಬರುತ್ತೇನೆ. ನನ್ನ ನಿರ್ಧಾರ ಗಟ್ಟಿಯಾಗಿದ್ದು ಇಲ್ಲೇ.

ಏಪ್ರಿಲ್, ಮೇನಲ್ಲಿ ಬಾಗಲಕೋಟೆ, ವಿಜಯಪುರ ಕಡೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ನಾಯಿಗೆ ಕಿಲೋಗೆ ದಿನಕ್ಕೆ 50-60 ಮಿಲೀ ನೀರು ಬೇಕು ಅಂತಾರೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಭೀಮನಿಗೆ ಅದು ಒಂದೂಕಾಲು ಲೀಟರಿಗೂ ಮೇಲೆ ಹೋಗುತ್ತದೆ. ಬರೀ ಡ್ರೈ ಫುಡ್ ತಿಂದರೆ ಊಟದಿಂದ ಬರುವ ನೀರು 35 ಮಿಲೀ ಅಷ್ಟೇ. ಉಳಿದದ್ದೆಲ್ಲ ಅದೇ ಕುಡಿಯಬೇಕು. ಹೊತ್ತೇರಿದ ಮೇಲೆ ಬಟ್ಟಲಿನ ನೀರು ಕಾದಿರುತ್ತದೆ, ನಾಯಿ ಮೂಸಿ ಬಿಟ್ಟುಬಿಡುತ್ತದೆ. ಈ ವಿಷಯದಲ್ಲಿ ವೆಟ್ ಫುಡ್ ನಿಜವಾಗಿಯೂ ಮೇಲು. ಊಟದ ಜೊತೆಗೇ ನೀರು ಹೊಟ್ಟೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ರಾತ್ರಿ ಊಟಕ್ಕೆ ಎರಡು ಪೌಚು ಕಲಸಿ ಕೊಟ್ಟ ದಿನಗಳಲ್ಲಿ ಭೀಮನ ಮೂತ್ರದ ಬಣ್ಣ ತಿಳಿಯಾಗಿರುತ್ತಿತ್ತು, ಬೆಳಿಗ್ಗೆ ಚುರುಕಾಗಿ ಏಳುತ್ತಿತ್ತು.

ಅದೇ ಬಿಸಿಲು ವೆಟ್ ಫುಡ್ಡಿಗೆ ಶತ್ರುವೂ ಹೌದು. ಮುಚ್ಚಿದ ಡಬ್ಬಿಯನ್ನೋ ಪೌಚನ್ನೋ ಕಾರ್ಖಾನೆಯಲ್ಲಿ 120 ಡಿಗ್ರಿ ಆಸುಪಾಸಿನ ಶಾಖದಲ್ಲಿ ಬೇಯಿಸಿರುತ್ತಾರೆ. ಹಾಗಾಗಿ ತೆರೆಯುವ ತನಕ ಫ್ರಿಜ್ ಇಲ್ಲದೆಯೂ ಇರುತ್ತದೆ. ತೆರೆದ ಮೇಲೆ ಅದು ಹಸಿ ಅಡುಗೆಯೇ. ನಮ್ಮ ಅಂಗಳದಲ್ಲಿ ಮಧ್ಯಾಹ್ನ ಹಾಕಿದರೆ ಕ್ಷಣದಲ್ಲಿ ನೊಣ ಮುತ್ತುತ್ತವೆ, ಅರ್ಧ ತಾಸಿನಲ್ಲಿ ವಾಸನೆ ಬದಲಾಗುತ್ತದೆ. ಅದಕ್ಕೇ ನಾನು ಹಗಲು ಹೊತ್ತು ಹಾಕುವುದೇ ಇಲ್ಲ. ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಬೇಕು.

ಆ ಫ್ರಿಜ್ಜಿನ ಮಾತೇ ನಮ್ಮ ಮನೆಯಲ್ಲಿ ದೊಡ್ಡದಾಯಿತು. ನಮ್ಮದು ಶಾಕಾಹಾರಿ ಮನೆ. ಅವ್ವ ಮೊದಲ ದಿನವೇ ಹೇಳಿದ್ದಳು: "ನಾಯಿಗೆ ಏನರ ಹಾಕಪಾ, ಫ್ರಿಜ್‌ನಾಗ ಮಾತ್ರ ಇಡಬ್ಯಾಡ. ಮೊಸರಿನ ಗಡಗಿ ಅಲ್ಲೇ ಐತಿ." ಅವಳ ಮಾತು ನನಗೆ ಸರಿ ಅನ್ನಿಸಿತು. ಈ ಭಾಗದ ಎಷ್ಟೋ ಮನೆಗಳಲ್ಲಿ ಇದೇ ಪರಿಸ್ಥಿತಿ, ಅಲ್ವಾ? ಹಾಗಾಗಿ ದೊಡ್ಡ ಡಬ್ಬಿ ಬಿಟ್ಟು ಸಣ್ಣ ಪೌಚನ್ನೇ ತರುತ್ತೇನೆ. ಒಂದು ಹೊತ್ತಿಗೆ ಒಡೆದದ್ದು ಅದೇ ಹೊತ್ತಿಗೆ ಖಾಲಿ. ಬಟ್ಟಲು ತೊಳೆಯುವುದು ಹಿತ್ತಲ ನಲ್ಲಿಯಲ್ಲಿ. ಡ್ರೈ ಫುಡ್ಡಿನಲ್ಲೂ ಮಾಂಸ ಇರುತ್ತದೆ, ಆದರೆ ಹಿತ್ತಲ ಕೋಣೆಯ ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಯಾರಿಗೂ ತೊಂದರೆಯಿಲ್ಲ. ಪೂರ್ತಿ ಶಾಕಾಹಾರದ ಡ್ರೈ ಫುಡ್ ಕೂಡ ಸಿಗುತ್ತದೆ. ಭೀಮನಂಥ ಓಟದ ನಾಯಿಗೆ ನಾನು ಅದನ್ನು ಆರಿಸಲಿಲ್ಲ.

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮ ಭಾವನವರ ತೋಟದ ಮನೆಯಲ್ಲಿ ಫ್ರಿಜ್ಜೇ ಇಲ್ಲ, ಕರೆಂಟ್ ಯಾವಾಗ ಇರುತ್ತದೋ ಅವರಿಗೇ ಗೊತ್ತಿಲ್ಲ. ಅಂಥ ಕಡೆ ವೆಟ್ ಫುಡ್ ವಿಚಾರವೇ ಬೇಡ. ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ಕಡೆ ಎಲ್ಲಿ ನೋಡಿದರೂ ದ್ರಾಕ್ಷಿ, ಶೆಡ್ಡಿನ ತುಂಬ ಒಣದ್ರಾಕ್ಷಿ. ಎರಡೂ ನಾಯಿಯ ಕಿಡ್ನಿ ಕೆಡಿಸಬಲ್ಲವು. ಪ್ರೀತಿಯಿಂದ ಒಂದು ಹಿಡಿ ಕೊಡುವವರಿದ್ದಾರೆ, ದಯವಿಟ್ಟು ಕೊಡಬೇಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರನ್ನು ಡ್ರೈ ಫುಡ್ಡಿನ ಮೇಲೆ ಸುರಿಯುವುದೂ ಬೇಡ. ಅವು ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತವೆ. ಕಾಳು ಮೆತ್ತಗಾಗಬೇಕಾದರೆ ಬೆಚ್ಚಗಿನ ನೀರು ಸಾಕು.

ಡ್ರೈ ಫುಡ್ ಕೆಡುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಹಿಟ್ಟು, ಮಾಂಸದ ಪುಡಿ ಎಲ್ಲ ಕಲಸಿ, ಆವಿ ಮತ್ತು ಒತ್ತಡದಲ್ಲಿ ಬೇಯಿಸಿ, ಅಚ್ಚಿನಿಂದ ತಳ್ಳಿ, ಒಣಗಿಸಿ, ಕೊನೆಗೆ ಮೇಲೆ ಕೊಬ್ಬು ಸಿಂಪಡಿಸುತ್ತಾರೆ. ನಾಯಿಗೆ ಹಿಡಿಸುವ ವಾಸನೆ ಬರುವುದು ಹೆಚ್ಚಾಗಿ ಈ ಕೊಬ್ಬಿನಿಂದ. ಗಾಳಿ, ಶಾಖ ತಾಗಿದರೆ ಮೊದಲು ಕೆಡುವುದೂ ಅದೇ, ಹಳೇ ಶೇಂಗಾ ಎಣ್ಣೆಯ ಕಮಟು ಬರುತ್ತದೆ. ಬೆಳಗಾವಿಯಲ್ಲಿ ಮಳೆಗಾಲ ಹಿಡಿದರೆ ಸಮಸ್ಯೆ ಬೇರೆ: ಕಾಳು ತೇವ ಹೀರಿ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟಿನ ವಿಷ ನೇರವಾಗಿ ಲಿವರಿಗೆ ಬಡಿಯುತ್ತದೆ. ಅದಕ್ಕೇ ಅಕ್ಕ ಜೂನಿನಿಂದ ಸಣ್ಣ ಚೀಲವನ್ನೇ ತರುತ್ತಾಳೆ. ನಾನು ದೊಡ್ಡ ಚೀಲ ತಂದರೂ ಒಂದೂವರೆ ತಿಂಗಳೊಳಗೆ ಮುಗಿಯುವಷ್ಟೇ ತರುತ್ತೇನೆ. ಚೀಲದಿಂದ ಡಬ್ಬಕ್ಕೆ ಸುರಿಯುವುದಿಲ್ಲ. ಚೀಲದ ಸಮೇತ ಮುಚ್ಚಳದ ಡ್ರಮ್ಮಿನಲ್ಲಿ ಇಡುತ್ತೇನೆ. ತಾರೀಖು, ಬ್ಯಾಚ್ ನಂಬರ್ ಕೈಗೆ ಸಿಗುತ್ತದೆ, ಇರುವೆ, ಇಲಿ ಕಾಟವೂ ತಪ್ಪುತ್ತದೆ.

ಈ ಕಾರಣಕ್ಕೇ ಬಿಡಿಯಾಗಿ ತೂಗಿ ಕೊಡುವ ಡ್ರೈ ಫುಡ್ ನಾನು ಮುಟ್ಟುವುದಿಲ್ಲ. ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಬಾಗಿಲಲ್ಲೇ ಚೀಲ ಬಿಚ್ಚಿ ಇಟ್ಟಿರುತ್ತಾರೆ, ಬಿಸಿಲು, ಧೂಳು ಎಲ್ಲ ಅದರ ಮೇಲೆ. ಯಾವ ಕಂಪನಿಯದು, ಮರಿಯದೋ ದೊಡ್ಡ ನಾಯಿಯದೋ, ಅವಧಿ ಯಾವಾಗ ಮುಗಿಯುತ್ತದೆ, ಒಂದೂ ಗೊತ್ತಾಗುವುದಿಲ್ಲ. ಕಿಲೋಗೆ ಮೂವತ್ತು ನಲವತ್ತು ರೂಪಾಯಿ ಉಳಿಸಲು ಇದು ಬೇಕಾಗಿಲ್ಲ.

ಪೌಚ್ ಕೊಳ್ಳುವಾಗ ಒಂದು ಸಾಲು ಹುಡುಕಿ. ಕೆಲವು ಪೂರ್ಣ ಆಹಾರ, ಅಂದರೆ ಅದನ್ನೇ ಹಾಕಿದರೂ ನಾಯಿಗೆ ಬೇಕಾದ್ದೆಲ್ಲ ಸಿಗುವ ಹಾಗೆ ಮಾಡಿದ್ದು. ಇನ್ನು ಕೆಲವು ಮೇಲೊಗರದ ಥರ, ಬೇರೆ ಊಟದ ಜೊತೆ ಕೊಡಲು ಮಾತ್ರ. ಎರಡನೆಯದನ್ನೇ ಮರಿಗೆ ತಿಂಗಳುಗಟ್ಟಲೆ ಹಾಕಿದರೆ ಸುಣ್ಣದಂಶ, ವಿಟಮಿನ್ ಕೊರತೆಯಾಗುತ್ತದೆ. ಮುಂದಿನ ಬದಿ ದೊಡ್ಡ ಚಿತ್ರ ಇರುತ್ತದೆ. ಈ ಮಾತು ಹಿಂದೆ ಸಣ್ಣಕ್ಷರದಲ್ಲಿರುತ್ತದೆ.

ಮುಧೋಳ ನಾಯಿ ಸಾಕುವವರಿಗೆ ಸ್ವಲ್ಪ ಬೇರೆಯೇ ಹೇಳಬೇಕು. ಇದು ಮೈ ತುಂಬಿಕೊಳ್ಳುವ ತಳಿಯಲ್ಲ. ಹಿಂದಿನ ಕೆಲವು ಪಕ್ಕೆಲುಬು ಕಾಣುವುದು, ಹೊಟ್ಟೆ ಒಳಗೆ ಸೇರಿರುವುದು ಇದರ ಸಹಜ ರೂಪ. 2005ರಲ್ಲಿ ಬಂದ ಅಂಚೆಚೀಟಿಯಲ್ಲೂ ಅದೇ ತೆಳ್ಳಗಿನ ಮೈ. ಬೀದಿಯಲ್ಲಿ ಹೋಗುವವರು "ನಾಯಿ ಸೊರಗೇತ್ರಿ, ತಿನ್ನಸ್ರಿ" ಅಂದರು ಅಂತ ಚೀಲದ ಮೇಲಿನ ಅಳತೆಗಿಂತ ಜಾಸ್ತಿ ಹಾಕಬೇಡಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿಯ ನಾಯಿಗಳನ್ನು ನೋಡಿದರೆ ಆರೋಗ್ಯದ ಮೈಕಟ್ಟು ಹೇಗಿರುತ್ತದೆ ಅಂತ ಕಣ್ಣಿಗೆ ಕೂರುತ್ತದೆ.

ಹಳ್ಳಿಗಳಲ್ಲಿ ಈ ನಾಯಿಗಳು ಜೋಳದ ರೊಟ್ಟಿ, ಹಾಲು, ಒಂದಿಷ್ಟು ತತ್ತಿ ತಿಂದೇ ಮೊಲದ ಹಿಂದೆ ಓಡಿದವು. ಅದನ್ನು ನಾನು ಕಡೆಗಣಿಸುವುದಿಲ್ಲ. ಭೀಮನಿಗೆ ಈಗಲೂ ವಾರದಲ್ಲಿ ಕೆಲವು ದಿನ ರೊಟ್ಟಿ ಚೂರು, ಬೇಯಿಸಿದ ತತ್ತಿ ಸಿಗುತ್ತದೆ, ಆ ದಿನ ಡ್ರೈ ಫುಡ್ ಕಡಿಮೆ ಮಾಡುತ್ತೇನೆ. ಹಾಲು ಮಾತ್ರ ಬೆಳೆದ ನಾಯಿಗಳಲ್ಲಿ ಕೆಲವಕ್ಕೆ ಅರಗುವುದಿಲ್ಲ, ಮಜ್ಜಿಗೆ ವಾಸಿ.

ಈ ತಳಿಗೆ ಎದೆ ಆಳ. ಇಂಥ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಬೇರೆಯವಕ್ಕಿಂತ ಜಾಸ್ತಿ. ಒಂದೇ ಹೊತ್ತು ರಾಶಿ ಹಾಕದೆ ಎರಡು ಹೊತ್ತು ಹಂಚಬೇಕು. ತಿಂದ ಕೂಡಲೇ ಓಡಿಸಬಾರದು. ಭೀಮ ಒಣ ಕಾಳನ್ನು ಗಬಗಬ ನುಂಗಿ ಮೇಲೆ ಒಂದೇ ಸಮ ನೀರು ಕುಡಿಯುತ್ತಿತ್ತು. ಅದನ್ನು ನೋಡಿಯೇ ನಾನು ನೆನೆಸಿ ಹಾಕಲು ಶುರು ಮಾಡಿದ್ದು. ಕಾಳು ಮುಳುಗುವಷ್ಟು ಬೆಚ್ಚಗಿನ ನೀರು, ಕಾಲು ತಾಸು. ಈಗ ನಿಧಾನಕ್ಕೆ ತಿನ್ನುತ್ತದೆ, ನೀರೂ ಹೊಟ್ಟೆಗೆ ಹೋಗುತ್ತದೆ, ಪೌಚಿನ ಖರ್ಚೂ ಇಲ್ಲ. ನೆನೆಸಿದ ಕಾಳು ಬಿಸಿಲಲ್ಲಿ ವೆಟ್ ಫುಡ್ಡಿನಷ್ಟೇ ಬೇಗ ಹುಳಿಯುತ್ತದೆ, ಒಂದು ತಾಸಿಗೆ ಬಟ್ಟಲು ಎತ್ತಿಬಿಡಿ.

ಪೌಚಿಗೆ ಸರಿಸಾಟಿಯಿಲ್ಲದ ಕೆಲಸಗಳೂ ಇವೆ. ಜಂತಿನ ಮಾತ್ರೆ ನುಂಗಿಸುವುದು ಅದರಲ್ಲೊಂದು. ಒಂದು ಮಾಂಸದ ಚೂರಿನಲ್ಲಿ ಅಡಗಿಸಿಟ್ಟರೆ ಆಯಿತು, ಬಾಯಿ ಹಿಡಿದು ತೆರೆಸುವ ಗುದ್ದಾಟ ಇಲ್ಲ. ಜ್ವರ ಬಂದು ಊಟ ಬಿಟ್ಟಾಗ ಪೌಚನ್ನು ಬಿಸಿನೀರಲ್ಲಿಟ್ಟು ಉಗುರು ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆಗೇ ಎದ್ದು ಬರುತ್ತದೆ. ಆದರೆ ರುಚಿ ಹತ್ತಿಸಿದರೆ ಬರೀ ಕಾಳು ಮುಟ್ಟದ ನಾಯಿಗಳಿವೆ. ಚಿನ್ನು ಒಂದು ಹೊತ್ತು ಹಾಗೆ ಹಟ ಹಿಡಿದಿತ್ತು, ಕಾಳನ್ನು ಬಿಟ್ಟು ಗ್ರೇವಿ ಮಾತ್ರ ನೆಕ್ಕುತ್ತಿತ್ತು. ಕಾಳನ್ನು ಪೂರ್ತಿ ನೆನೆಸಿ, ಹಿಸುಕಿ ಕಲಸಿದ ಮೇಲೆ ಬೇರೆ ಮಾಡಲು ಆಗಲಿಲ್ಲ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವವರು ಅವಸರ ಮಾಡಬೇಡಿ. ಮೊದಲ ಎರಡು ಮೂರು ದಿನ ಹೊಸದು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಟ್ಟು ಒಂದು ವಾರದಿಂದ ಹತ್ತು ದಿನ ಹಿಡಿಯಲಿ. ದಿನಾ ಬೆಳಿಗ್ಗೆ ಮಲ ನೋಡಿ: ಗಟ್ಟಿಯಾಗಿ, ಎತ್ತಿದರೆ ನೆಲಕ್ಕೆ ಮೆತ್ತದೆ ಬಂದರೆ ಹೊಸ ಊಟ ಹೊಂದಿದೆ ಅಂತ. ಮೆತ್ತಗಾದರೆ ಹಿಂದಿನ ಅಳತೆಗೆ ಹೋಗಿ ಎರಡು ದಿನ ನಿಲ್ಲಿ. ಹೊಟ್ಟೆ ಉಬ್ಬಿ, ವಾಂತಿ ಬಂದ ಹಾಗೆ ಮಾಡಿಯೂ ಏನೂ ಬಾರದೆ ನಾಯಿ ಚಡಪಡಿಸುತ್ತಿದ್ದರೆ ಊಟ ಬದಲಾಯಿಸುವ ಯೋಚನೆ ಬಿಟ್ಟು, ರಾತ್ರಿಯಾಗಿದ್ದರೂ ಸರಿ, ಡಾಕ್ಟರ ಹತ್ತಿರ ಓಡಿ.