ಮಾಲ್ ಪಾರ್ಕಿಂಗ್ ಆ್ಯಪ್: ಜಾಗ ಇದೆಯಾ ಅಂತ ಯಾರನ್ನು ಕೇಳಬೇಕು?

ಬೆಂಗಳೂರಿನ ಮಾಲ್‌ಗಳಿಗೆ ಒಂದು ಪಾರ್ಕಿಂಗ್ ಆ್ಯಪ್ ಮಾಡಬೇಕು ಅನ್ನೋ ಆಸೆ ನಮ್ಮ ಗೆಳೆಯರ ಗುಂಪಿಗೆ ತುಂಬಾ ದಿನದಿಂದ ಇದೆ. ಕೋಡ್ ಬರೆಯೋದು ದೊಡ್ಡ ಕಷ್ಟ ಅಲ್ಲ. ಒಳಗೆ ಜಾಗ ಇದೆಯೋ ಇಲ್ಲವೋ ಅನ್ನೋ ಮಾಹಿತಿ ಎಲ್ಲಿಂದ ಬರಬೇಕು ಅನ್ನೋದೇ ಕಷ್ಟದ ಪ್ರಶ್ನೆ. ಜನ ಹೇಳಬೇಕಾ? ಗೇಟು ಎಣಿಸಬೇಕಾ? ಸೆನ್ಸರ್ ಹಾಕಬೇಕಾ? ಹಳೇ ಲೆಕ್ಕ ನೋಡಿ ಊಹಿಸಬೇಕಾ? ಇವುಗಳಲ್ಲಿ ಒಂದೊಂದನ್ನೂ ವಾರಾಂತ್ಯದ ಸಂಜೆಗಳಲ್ಲಿ ಬಳಸಿ ನೋಡಿದೆವು. ಒರಾಯನ್, ಮಂತ್ರಿ ಸ್ಕ್ವೇರ್, ರಾಜಾಜಿನಗರದ ಲುಲು, ಮಹದೇವಪುರದ ಫೀನಿಕ್ಸ್ ಮಾರ್ಕೆಟ್‌ಸಿಟಿ, ಕೋರಮಂಗಲದ ಹಳೇ ಫೋರಂ, ಹೀಗೆ ಓಡಾಡಿದೆವು. ಯಾವ ಮಾಲ್ ಒಳ್ಳೆಯದು ಅಂತ ಇಲ್ಲಿ ಹೇಳುತ್ತಿಲ್ಲ. ಯಾವ ವಿಧಾನ ಕೆಲಸಕ್ಕೆ ಬರುತ್ತದೆ ಅನ್ನೋದಷ್ಟೇ ಈ ಹೋಲಿಕೆ.

ಮಾಹಿತಿ ಎಷ್ಟು ಸರಿಯಾಗಿದೆ ಅನ್ನೋದು ಮುಖ್ಯವೇ. ಆದರೆ ಅದು ಯಾವಾಗ ಕೈಗೆ ಸಿಗುತ್ತದೆ ಅನ್ನೋದು ಅದಕ್ಕಿಂತ ಮುಖ್ಯ. ನಮ್ಮ ಊರಿನಲ್ಲಿ ಮಾಲ್ ಕಡೆಗಿನ ಎಡ ಲೇನಿಗೆ ಒಮ್ಮೆ ಸೇರಿದರೆ ಮುಗೀತು. ಹಿಂದೆ ಬಸ್ಸು, ಬಲಕ್ಕೆ ಆಟೋ, ಮುಂದೆ ಟಿಕೆಟ್ ಯಂತ್ರದ ಕ್ಯೂ. ಯೂ-ಟರ್ನ್ ಇನ್ನೆಲ್ಲೋ ದೂರದಲ್ಲಿ. ಜಾಗ ಇಲ್ಲ ಅಂತ ಅಲ್ಲಿ ಗೊತ್ತಾದರೂ ಮಾಡುವುದಕ್ಕೆ ಏನೂ ಇರುವುದಿಲ್ಲ, ಕಾಯಲೇಬೇಕು. ಆ ಕ್ಯೂ ಗೇಟಿನ ಒಳಗೆ ಮುಗಿಯುವುದೂ ಇಲ್ಲ, ರಸ್ತೆಗೆ ಬರುತ್ತದೆ. ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾ ವಿಷಯ ನೆನಪಿರಬಹುದು. 2023ರ ಡಿಸೆಂಬರ್ ಕೊನೆಯಲ್ಲಿ ನಗರ ಪೊಲೀಸ್ ಆಯುಕ್ತರು ಟ್ರಾಫಿಕ್ ಮತ್ತು ಪಾರ್ಕಿಂಗ್ ಕಾರಣ ಕೊಟ್ಟು ಅಲ್ಲಿಗೆ ಜನ ಹೋಗುವುದನ್ನೇ ನಿರ್ಬಂಧಿಸಿ ಆದೇಶ ಹೊರಡಿಸಿದರು. ಮಾಲ್‌ನವರು ಹೈಕೋರ್ಟಿಗೆ ಹೋದರು. ಅದು ಏರ್‌ಪೋರ್ಟಿಗೆ ಹೋಗುವ ರಸ್ತೆ. ಮಾಲ್ ಕಡೆ ತಲೆಯೂ ಹಾಕದೆ ವಿಮಾನ ಹಿಡಿಯಲು ಓಡುವವರಿಗೂ ಈ ಪಾರ್ಕಿಂಗ್ ಸಮಸ್ಯೆ ತಟ್ಟುತ್ತದೆ. ಆದ್ದರಿಂದ ಪ್ರತಿ ವಿಧಾನಕ್ಕೂ ನಾವು ಕೇಳಿದ್ದು ಒಂದೇ ಮಾತು: ಕೊನೆಯ ತಿರುವಿಗೆ ಮುಂಚೆ ಇದು ನನಗೆ ಉತ್ತರ ಕೊಡುತ್ತದಾ?

ಸೆನ್ಸರ್‌ನಿಂದ ಶುರು ಮಾಡುತ್ತೇನೆ. ನೋಡೋಕೆ ಎಲ್ಲಕ್ಕಿಂತ ಚೆಂದ ಇರುವುದು ಅದೇ. ಕೆಲವು ಮಾಲ್‌ಗಳ ಬೇಸ್‌ಮೆಂಟಿನಲ್ಲಿ ಪ್ರತಿ ಜಾಗದ ಮೇಲೂ ಚಾವಣಿಗೆ ಒಂದು ಪುಟ್ಟ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿರುತ್ತಾರೆ. ಅದು ನಮ್ಮ ಕಿವಿಗೆ ಕೇಳದ ಸದ್ದನ್ನು ಕೆಳಕ್ಕೆ ಬಿಡುತ್ತದೆ. ಸದ್ದು ನೆಲಕ್ಕೆ ತಾಗಿ ವಾಪಸ್ ಬರಲು ಸ್ವಲ್ಪ ಹೊತ್ತು ಬೇಕು. ಕಾರಿನ ಟಾಪಿಗೆ ತಾಗಿದರೆ ಬೇಗ ಬರುತ್ತದೆ. ಆ ವ್ಯತ್ಯಾಸದಿಂದಲೇ ಕಾರು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಖಾಲಿ ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಮಹಡಿಯ ಒಳಗೆ ಬಂದ ಮೇಲೆ ಇದನ್ನು ಮೀರಿಸುವ ವಿಧಾನ ನಮಗೆ ಸಿಗಲಿಲ್ಲ. ದೂರದಿಂದ ಹಸಿರು ಕಾಣುತ್ತದೆ, ಸೀದಾ ಹೋಗಿ ನಿಲ್ಲಿಸಬಹುದು. ಸುಮ್ನೆ ಸುತ್ತುವುದು ತಪ್ಪುತ್ತದೆ. ದೂರು ಎರಡೇ. ಒಂದು, ಸೆಕ್ಯೂರಿಟಿಯವರು ಯಾರಿಗೋ ಅಂತ ಕೋನ್ ಇಟ್ಟು ಕಾಯ್ದಿಟ್ಟ ಜಾಗವೂ ಹಸಿರೇ ತೋರಿಸುತ್ತದೆ. ಎರಡು, ಈ ಲೆಕ್ಕವೆಲ್ಲ ಕಟ್ಟಡದ ಒಳಗೇ ಉಳಿಯುತ್ತದೆ. ರಸ್ತೆಯಲ್ಲಿ ಇರುವವರಿಗೆ ಅದು ತಲುಪುವುದಿಲ್ಲ. ಎಷ್ಟು ಜಾಗವೋ ಅಷ್ಟು ಸೆನ್ಸರ್ ಬೇಕು, ಅಷ್ಟು ವೈರಿಂಗ್ ಬೇಕು. ಹಳೇ ಕಟ್ಟಡದವರು ಇದನ್ನು ಹಾಕುತ್ತಾರೆ ಅಂತ ನಂಬಿ ನಾವು ಆ್ಯಪ್ ಮಾಡಲಾಗದು.

ಎರಡನೆಯದು ಜನರೇ ಹೇಳುವ ವಿಧಾನ. ಇದಕ್ಕೆ ಆ್ಯಪ್ ಕೂಡ ಬೇಕಾಗಲಿಲ್ಲ. ಅಪಾರ್ಟ್‌ಮೆಂಟಿನವರು, ನೆಂಟರು, ಆಫೀಸಿನವರನ್ನು ಸೇರಿಸಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದೆವು. ಮಾಲ್‌ಗೆ ಹೋದವರು ಒಂದು ಸಾಲು ಹಾಕಬೇಕು: ಯಾವ ಮಾಲ್, ಯಾವ ಮಹಡಿ, ಜಾಗ ಇದೆಯಾ ಇಲ್ವಾ. ಜನ ಉತ್ಸಾಹದಿಂದ ಬಂದರು. ಆದರೆ ಜಾಗ ಸಿಗದೆ ಒದ್ದಾಡಿದವರು ತಪ್ಪದೆ ಬರೆದರು, ಸುಲಭವಾಗಿ ಸಿಕ್ಕವರು ಮಕ್ಕಳನ್ನು ಕರೆದುಕೊಂಡು ಲಿಫ್ಟ್ ಹತ್ತಿಬಿಟ್ಟರು. ಗುಂಪು ಓದಿದರೆ ಬೆಂಗಳೂರಿನ ಎಲ್ಲ ಮಾಲ್‌ಗಳೂ ಯಾವಾಗಲೂ ತುಂಬಿವೆ ಅನ್ನಿಸುತ್ತಿತ್ತು. ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗದೆ ಕೆಲವು ಸಂದೇಶಗಳು ಮೇಲೆ ಬಂದ ಮೇಲೆ ಹೋಗುತ್ತಿದ್ದವು. ಭಾನುವಾರ ಸಂಜೆ ಅಷ್ಟು ಹೊತ್ತಿಗೆ ಆ ಜಾಗ ಬೇರೆಯವರ ಪಾಲಾಗಿರುತ್ತದೆ.

ಫೋನೇ ತಾನಾಗಿ ಕಂಡುಹಿಡಿಯಲಿ, ಯಾರೂ ಬರೆಯುವುದು ಬೇಡ ಅಂತ ಒಬ್ಬ ಗೆಳೆಯ ಹೇಳಿದ. ಅದೂ ಆಗಲಿಲ್ಲ. ಜಿಪಿಎಸ್ ಸಿಗ್ನಲ್ ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬರುತ್ತದೆ. ನಮ್ಮ ಹತ್ತಿರ ಬರುವಷ್ಟರಲ್ಲಿ ತುಂಬಾ ಸಣ್ಣದಾಗಿರುತ್ತದೆ. ಕಾಂಕ್ರೀಟ್ ಸ್ಲ್ಯಾಬ್ ದಾಟಿ ಕೆಳಗಿಳಿಯುವ ಶಕ್ತಿ ಅದಕ್ಕಿಲ್ಲ. ರ‍್ಯಾಂಪ್ ಇಳಿಯುತ್ತಿದ್ದ ಹಾಗೆ ಮ್ಯಾಪಿನ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಹಾರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಊಹೆಯ ವಿಧಾನ ನನಗೆ ಅಂದುಕೊಂಡಿದ್ದಕ್ಕಿಂತ ಹಿಡಿಸಿತು. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಜಾಗ ಯಾವ ಗಂಟೆಗೆ ಎಷ್ಟು ಗಿಜಿಗುಡುತ್ತದೆ ಅನ್ನೋ ಕಂಬಗಳ ಚಿತ್ರ ಬರುತ್ತದೆ. ಮನೆ ಬಿಡುವ ಮೊದಲು ನೋಡಬಹುದು, ಅದೇ ಅದರ ದೊಡ್ಡ ಗುಣ. ಆದರೆ ಅದು ತೋರಿಸುವುದು ಜನರನ್ನು, ಕಾರುಗಳನ್ನಲ್ಲ. ಮಂತ್ರಿ ಸ್ಕ್ವೇರ್‌ಗೆ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣ ಅಂಟಿಕೊಂಡೇ ಇದೆ. ಜನ ರೈಲಿಳಿದು ನಡೆದು ಬರುತ್ತಾರೆ. ಅಲ್ಲಿ ಜನಸಂದಣಿ ಇದ್ದ ಮಾತ್ರಕ್ಕೆ ಪಾರ್ಕಿಂಗ್ ತುಂಬಿದೆ ಅಂತ ಹೇಳಲಾಗದು. ಮೆಟ್ರೋ ದೂರ ಇರುವ ಮಾಲ್‌ನಲ್ಲಿ ಅಷ್ಟೇ ಜನ ಇದ್ದರೆ ಅಷ್ಟಕ್ಕೂ ಕಾರು, ಸ್ಕೂಟರ್ ಬಂದಿರುತ್ತವೆ. ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಸಿನಿಮಾ ಟಿಕೆಟ್ ಬುಕಿಂಗ್ ಪುಟ. ಆ ಮಾಲ್‌ನ ಮಲ್ಟಿಪ್ಲೆಕ್ಸಿನಲ್ಲಿ ಸಂಜೆ ಶೋ ಎಷ್ಟು ತುಂಬಿದೆ, ಹಿಂದಿನ ಶೋ ಎಷ್ಟಕ್ಕೆ ಬಿಡುತ್ತದೆ ಅಂತ ನೋಡಿಕೊಂಡೆವು. ದೊಡ್ಡ ಸಿನಿಮಾ ಬಿಟ್ಟ ಸ್ವಲ್ಪ ಹೊತ್ತಿಗೆ ಕಾರುಗಳು ಸಾಲಾಗಿ ಹೊರಗೆ ಬರುತ್ತವೆ. ಆ ಹೊತ್ತಿಗೆ ಸರಿಯಾಗಿ ಹೋದರೆ ಜಾಗ ಸಿಗುತ್ತದೆ. ಮಳೆ, ಸಂಬಳದ ವಾರ, ಹಬ್ಬದ ಮುಂಚಿನ ಶನಿವಾರ, ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದರೆ ಎಂ.ಜಿ. ರೋಡ್ ಸುತ್ತಿನ ಕಥೆ, ಇವೆಲ್ಲ ಈ ಲೆಕ್ಕಕ್ಕೆ ಸೇರಬೇಕು.

ಮುಂಗಡ ಬುಕಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಆ್ಯಪಿನಲ್ಲಿ ಹಣ ಕಟ್ಟಿ ಜಾಗ ಕಾಯ್ದಿರಿಸಿ ಹೋದೆವು. ಒಳಗೆ ಜಾಗ ಇತ್ತು. ಆದರೆ ಒಳಗೆ ಹೋಗುವ ರ‍್ಯಾಂಪ್ ಎಲ್ಲರಿಗೂ ಒಂದೇ, ಹಾಗಾಗಿ ಕ್ಯೂನಲ್ಲಿ ಎಲ್ಲರ ಜೊತೆ ನಿಂತೆವು. ಬೇರೆ ಲೇನ್ ಇಲ್ಲದ ಕಡೆ ಬುಕಿಂಗ್‌ನಿಂದ ಸಮಯ ಉಳಿಯುವುದಿಲ್ಲ.

ಗೇಟಿನ ಎಣಿಕೆಗೆ ಬರೋಣ. ನನ್ನ ಮನಸ್ಸು ಗೆದ್ದದ್ದು ಇದೇ. ಒಳಗೆ ಬಂದ ಕಾರುಗಳಲ್ಲಿ ಹೊರಗೆ ಹೋದವನ್ನು ಕಳೆದರೆ ಒಳಗಿರುವವು ಸಿಗುತ್ತವೆ. ಒಟ್ಟು ಜಾಗದಲ್ಲಿ ಅದನ್ನು ಕಳೆದರೆ ಖಾಲಿ ಎಷ್ಟು ಅಂತ ಗೊತ್ತಾಗುತ್ತದೆ. ಟಿಕೆಟ್ ಯಂತ್ರವೋ, ನಂಬರ್ ಪ್ಲೇಟ್ ಓದುವ ಕ್ಯಾಮೆರಾವೋ, ಫಾಸ್ಟ್‌ಟ್ಯಾಗ್ ಓದುವ ಯಂತ್ರವೋ ಹೆಚ್ಚಿನ ಮಾಲ್‌ಗಳ ಗೇಟಿನಲ್ಲಿ ಆಗಲೇ ಇರುತ್ತದೆ. 2021ರ ಫೆಬ್ರವರಿಯಲ್ಲಿ ಟೋಲ್‌ಗಳಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯ ಆದ ಮೇಲೆ ಕಾರುಗಳ ಗಾಜಿನ ಮೇಲೆ ಅದು ಇದ್ದೇ ಇರುತ್ತದೆ. ಮಹಡಿವಾರು ಲೆಕ್ಕ ಬೇಕಿದ್ದರೆ ರ‍್ಯಾಂಪಿನ ನೆಲದಲ್ಲಿ ತಂತಿಯ ಸುರುಳಿ ಹೂಳುತ್ತಾರೆ. ಮೇಲೆ ಲೋಹದ ವಾಹನ ಹೋದಾಗ ಆ ಸುರುಳಿಯ ವಿದ್ಯುತ್ ಗುಣ ಬದಲಾಗುತ್ತದೆ, ಎಣಿಕೆ ಒಂದು ಹೆಚ್ಚುತ್ತದೆ. ಪ್ರತಿ ಜಾಗಕ್ಕೂ ಒಂದು ಸೆನ್ಸರ್ ಹಾಕುವುದರ ಮುಂದೆ ಈ ಖರ್ಚು ತೀರಾ ಸಣ್ಣದು.

ನಾವು ಮಾಡಿದ್ದು ಇಷ್ಟು. ಒಬ್ಬರು ಗೇಟಿನ ಹತ್ತಿರದ ಎಲ್‌ಇಡಿ ಬೋರ್ಡಿನ ಫೋಟೋ ತೆಗೆದು ಕಳಿಸುವುದು. ಇನ್ನೊಬ್ಬರು ದೂರದ ಸಿಗ್ನಲ್ ಹತ್ತಿರ ಕಾರಿನಲ್ಲಿ ಬರುವುದು, ಪಕ್ಕದಲ್ಲಿ ಕೂತವರು ಫೋಟೋ ನೋಡಿ ಹೇಳುವುದು. ಕಾರು ಓಡಿಸುವಾಗ ಫೋನ್ ಹಿಡಿದರೆ ಕಾನೂನಿನ ಪ್ರಕಾರವೇ ತಪ್ಪು. ಅದಕ್ಕೇ ನಮ್ಮ ಆ್ಯಪ್ ಬಾಯಲ್ಲಿ ಹೇಳಬೇಕು ಅನ್ನೋದು ಆಗಲೇ ತೀರ್ಮಾನ ಆಯಿತು. ಬೋರ್ಡಿನ ಒಂದೇ ಒಂದು ಅಂಕಿ ಸಿಗ್ನಲ್‌ಗೆ ಮುಂಚೆ ಸಿಕ್ಕಿದ್ದರಿಂದ ಬೇರೆ ಮಾಲ್ ಕಡೆ ತಿರುಗಲು ಆಯಿತು. ಯಾವ ಜಾಗ, ಎಷ್ಟನೇ ಕಂಬ ಅನ್ನೋದು ಆಗ ಯಾರಿಗೂ ಬೇಕಾಗಲಿಲ್ಲ.

ಇದಕ್ಕೂ ಕೊರತೆ ಇದೆ. ಕ್ಯೂ ಜಾಸ್ತಿ ಆದಾಗ ಹೊರಗೆ ಹೋಗುವ ಗೇಟಿನ ಅಡ್ಡಕಂಬಿಯನ್ನು ಎತ್ತಿ ಹಿಡಿದು ಕಾರುಗಳನ್ನು ಬಿಡುತ್ತಾರೆ. ಅವು ಲೆಕ್ಕಕ್ಕೆ ಸಿಗುವುದಿಲ್ಲ. ಆಗ ಒಳಗೆ ಜಾಗ ಇದ್ದರೂ ಬೋರ್ಡು ಫುಲ್ ಅನ್ನುತ್ತದೆ. ಬೆಳಗಿನ ಸಣ್ಣ ತಪ್ಪು ಸೇರುತ್ತಾ ಸೇರುತ್ತಾ ಸಂಜೆಗೆ ದೊಡ್ಡದಾಗುತ್ತದೆ. ರಾತ್ರಿ ಬೇಸ್‌ಮೆಂಟ್ ಖಾಲಿ ಆದಾಗ ಮತ್ತೆ ಸೊನ್ನೆಯಿಂದ ಶುರು ಮಾಡಿದರೆ ಸರಿ ಹೋಗುತ್ತದೆ. ಆದರೆ ನಮಗೆ ಬೇಕಿರುವುದು ಸಂಜೆ ಏಳು ಗಂಟೆಯ ಸತ್ಯ.

ಆ ಸತ್ಯ ಗೊತ್ತಿರುವುದು ಸೀಟಿ ಹಿಡಿದು ನಿಂತ ಸಿಬ್ಬಂದಿಗೆ. "ಬಿ-1 ಫುಲ್ ಸಾರ್, ಸೀದಾ ಬಿ-3ಗೆ ಇಳೀರಿ, ಲಿಫ್ಟ್ ಹತ್ರಾನೇ ಜಾಗ ಇದೆ" ಅಂತ ಅವರು ಹೇಳಿದರೆ ಅಲ್ಲಿ ಜಾಗ ಇದ್ದೇ ಇರುತ್ತಿತ್ತು. ಅವರು ವಾಕಿಟಾಕಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಇರುತ್ತಾರೆ. ಹೊಗೆ, ಹಾರ್ನ್, ಸೆಕೆ ನಡುವೆ ಇಡೀ ದಿನ ನಿಂತು ಮಾಡುವ ಕೆಲಸ ಅದು. ಅವರ ಕೈಗೆ ಒಂದು ಸಣ್ಣ ಫೋನ್ ಕೊಟ್ಟು, ಮಹಡಿಗೆ ಮೂರು ಗುಂಡಿ ಇಟ್ಟರೆ ಸಾಕು. ಹಸಿರು ಅಂದರೆ ಇದೆ, ಹಳದಿ ಅಂದರೆ ಸ್ವಲ್ಪ ಇದೆ, ಕೆಂಪು ಅಂದರೆ ಇಲ್ಲ. ಓದುವ ಕೆಲಸವೇ ಬೇಡ, ಏಕೆಂದರೆ ಅವರಲ್ಲಿ ಹಲವರು ಬೇರೆ ಬೇರೆ ರಾಜ್ಯದಿಂದ ಬಂದವರು. ಗೇಟಿನ ಎಣಿಕೆ ತಪ್ಪಿದಾಗ ಅವರ ಒಂದು ಒತ್ತು ಅದನ್ನು ಸರಿ ಮಾಡುತ್ತದೆ. ಈ ಕೆಲಸಕ್ಕೆ ಮಾಲ್‌ನವರು ಅವರಿಗೆ ಬೇರೆ ದುಡ್ಡು ಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸ್ಕೂಟರಿನವರ ವಿಷಯ ಬೇರೆ. ಬೆಂಗಳೂರಿನ ವಾಹನಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳೇ. ಮೇಲಿನ ವಿಧಾನಗಳಲ್ಲಿ ಹೆಚ್ಚಿನವು ಅವರನ್ನು ಮರೆತಿವೆ. ಅವರಿಗೆ ಫಾಸ್ಟ್‌ಟ್ಯಾಗ್ ಇಲ್ಲ, ಚಾವಣಿ ಸೆನ್ಸರ್ ಇಲ್ಲ, ಗೆರೆ ಹಾಕಿದ ಜಾಗವೂ ಎಷ್ಟೋ ಕಡೆ ಇಲ್ಲ. ಗೇಟು ಕೂಡ ಬೇರೆ, ಅದು ಮಾಲ್‌ನ ಹಿಂದೆ ಎಲ್ಲೋ ಇರುತ್ತದೆ. ಮೊದಲ ಸಲ ಬಂದವರು ಕಾರಿನ ಗೇಟಿಗೆ ಹೋಗಿ, ವಾಪಸ್ ಕಳಿಸಿಕೊಂಡು, ಒನ್‌ವೇ ಸುತ್ತಿ ಬರಬೇಕು. ಅವರಿಗೆ ಖಾಲಿ ಜಾಗದ ಅಂಕಿಗಿಂತ ಗೇಟು ಎಲ್ಲಿದೆ ಅಂತ ಸರಿಯಾಗಿ ತೋರಿಸುವುದೇ ದೊಡ್ಡ ಸಹಾಯ. ಹೆಲ್ಮೆಟ್ ಇಡಲು ಜಾಗ ಇದೆಯಾ, ಮಳೆ ಬಂದರೆ ನೆನೆಯುತ್ತದಾ ಅನ್ನೋದನ್ನೂ ಸೇರಿಸಬೇಕು.

ವಾಪಸ್ ಬಂದು ಕಾರು ಹುಡುಕುವುದಕ್ಕೆ ಕಂಬದ ನಂಬರಿನ ಫೋಟೋ ಸಾಕು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವ ಫೋನ್‌ಗಳು ಎಷ್ಟು ಮಹಡಿ ಇಳಿದೆವು ಅಂತ ಚೆನ್ನಾಗಿಯೇ ಅಂದಾಜು ಮಾಡಿದವು. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ.

ಹಾಗಾಗಿ ನಮ್ಮ ಮೊದಲ ಆವೃತ್ತಿಯಲ್ಲಿ ಗೇಟಿನ ಎಣಿಕೆ, ಸಿಬ್ಬಂದಿಯ ಮೂರು ಗುಂಡಿ, ಸಿನಿಮಾ ಶೋ ಸೇರಿಸಿದ ಊಹೆ, ಇಷ್ಟೇ ಇರುತ್ತದೆ. ಊಹೆ ಮನೆಯಲ್ಲಿ ಇದ್ದಾಗ, ಎಣಿಕೆ ರಸ್ತೆಯಲ್ಲಿ ಇದ್ದಾಗ. ಒರಾಯನ್, ಮಂತ್ರಿ, ಲುಲು ಈ ಮೂರರಿಂದ ಶುರು ಮಾಡಬೇಕು ಅಂತ ಯೋಚನೆ. ಮೂರೂ ಒಂದಕ್ಕೊಂದು ಹತ್ತಿರ ಇವೆ, ಒಂದು ತುಂಬಿದರೆ ಇನ್ನೊಂದಕ್ಕೆ ಹೋಗಬಹುದು. ಮಹದೇವಪುರದಲ್ಲಿ ಫೀನಿಕ್ಸ್ ಮತ್ತು ವಿಆರ್ ಅಕ್ಕಪಕ್ಕವೇ ಇರುವುದರಿಂದ ಅಲ್ಲಿಗೂ ಇದು ಹೊಂದುತ್ತದೆ. ಮಾಲ್‌ನವರಿಂದ ನಾವು ಕೇಳುವುದು, ಅವರ ಬೋರ್ಡಿನ ಮೇಲೆ ಆಗಲೇ ಇರುವ ಅಂಕಿಯನ್ನು ನಿಮಿಷಕ್ಕೊಮ್ಮೆ ಹೊರಗೂ ಕೊಡಿ ಅಂತ. ಕಾರಿಗೆ ಒಂದು ಅಂಕಿ, ಸ್ಕೂಟರಿಗೆ ಒಂದು ಅಂಕಿ.